ವೈಕಿಂಗ್ ಮೆಟಲ್‌ಗೆ ಅದರದೇ ಜಾಗ ಕೊಡಿ: ಸಂಗೀತಕೋಶದ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಸಂಗೀತಕೋಶ ಸಂಪಾದಕ ಮಂಡಳಿಯ ಮಾನ್ಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಸಾದರ ನಮಸ್ಕಾರಗಳು.

ಜಗತ್ತಿನ ಸಂಗೀತ ಪ್ರಕಾರಗಳನ್ನು ಕನ್ನಡದಲ್ಲಿ ಪರಿಚಯಿಸುವ ಕೋಶವೊಂದನ್ನು ತಾವು ಸಿದ್ಧಪಡಿಸುತ್ತಿದ್ದೀರಿ. ಆ ಕೆಲಸದ ಬಗ್ಗೆ ನನಗಿರುವ ಗೌರವ ಸಣ್ಣದಲ್ಲ. ರಾಕ್ ಸಂಗೀತದ ಗಡಸು ಕವಲಾದ ಹೆವಿ ಮೆಟಲ್ ವಿಭಾಗಕ್ಕೆ ಬರೆದುಕೊಡಿ ಎಂದು ತಾವು ಕೇಳಿದಾಗ ಸಂತೋಷದಿಂದ ಒಪ್ಪಿ ಏಳು ನಮೂದುಗಳನ್ನು ಕಳುಹಿಸಿದೆ. ಆರು ಹಾಗೆಯೇ ಸ್ವೀಕೃತವಾದವು. ಏಳನೆಯದಾದ ‘ವೈಕಿಂಗ್ ಮೆಟಲ್’ ಕೆಂಪು ಶಾಯಿಯ ಒಂದು ಟಿಪ್ಪಣಿಯೊಂದಿಗೆ ಮರಳಿ ಬಂತು: “ಇದು ಪ್ರತ್ಯೇಕ ಪ್ರಕಾರವಲ್ಲ, ಹಾಡಿನ ವಸ್ತು ಮಾತ್ರ. ಜಾನಪದ ಮೆಟಲ್ ನಮೂದಿನ ಕೊನೆಗೆ ಸೇರಿಸಲಾಗುವುದು.” ಕಾರಣ ತಿಳಿಸಿ ಎಂದು ಎರಡು ಬಾರಿ ಬರೆದೆ, ಉತ್ತರ ಬರಲಿಲ್ಲ. ಕಳೆದ ತಿಂಗಳು ಕರಡಚ್ಚು ಕೈಗೆ ಬಂದಾಗ, ನಾನು ಮೂರು ಪುಟಗಳಲ್ಲಿ ಬರೆದದ್ದು ಐದು ಸಾಲಿಗೆ ಇಳಿದಿರುವುದನ್ನು ಕಂಡೆ.

ಆ ಐದು ಸಾಲುಗಳಲ್ಲಿ ಏನಿದೆ ಎಂಬುದನ್ನು ಓದುಗರ ಮುಂದಿಡುತ್ತೇನೆ. ಸ್ಕ್ಯಾಂಡಿನೇವಿಯಾದ ಹಿಂದಿನ ಕಾಲದ ಕಡಲದಾಳಿಕೋರರಾದ ವೈಕಿಂಗರ ಕಥೆಗಳನ್ನು ಹಾಡುವ ತಂಡಗಳೆಲ್ಲ ಜಾನಪದ ಮೆಟಲ್‌ನ ಒಂದು ಕವಲು ಎಂದಿದೆ. ಅದಕ್ಕೆ ಮಾದರಿಯಾಗಿ ಕೊಟ್ಟಿರುವ ಏಕೈಕ ಹೆಸರು ಅಮೋನ್ ಅಮಾರ್ತ್. ಈ ಸಂಗೀತಕ್ಕೆ ನಾಂದಿ ಹಾಡಿದ ಬಾಥೊರಿ ತಂಡದ ಹೆಸರು ಅಲ್ಲಿಲ್ಲ. ಅದು ಬ್ಲ್ಯಾಕ್ ಮೆಟಲ್ ಪುಟದಲ್ಲಿ, ಅದೂ 1987ರವರೆಗಿನ ಆಲ್ಬಂಗಳಿಗೆ ಮಾತ್ರ ಸೀಮಿತವಾಗಿ ಬಂದಿದೆ. ಕೊನೆಯ ಸಾಲು ಈ ಸಂಗೀತವನ್ನು ಚರ್ಚುಗಳಿಗೆ ಬೆಂಕಿ ಹಚ್ಚಿದವರೊಂದಿಗೆ ತಳುಕು ಹಾಕುತ್ತದೆ. ಪಕ್ಕದಲ್ಲಿ ಕೊಂಬಿರುವ ಶಿರಸ್ತ್ರಾಣದ ಚಿತ್ರವೊಂದಿದೆ. ಐದು ಸಾಲು, ಒಂದು ಚಿತ್ರ. ಇವುಗಳಲ್ಲಿ ಸರಿಯಿರುವ ಸಂಗತಿ ಒಂದೂ ಇಲ್ಲ ಎಂದು ಹೇಳಬೇಕಾಗಿ ಬಂದಿರುವುದಕ್ಕೆ ನನಗೆ ನೋವಿದೆ.

ತಮ್ಮ ಆಕ್ಷೇಪದಲ್ಲಿ ನಾನು ಒಪ್ಪುವ ಭಾಗವನ್ನು ಮೊದಲು ಹೇಳುತ್ತೇನೆ. ವಸ್ತು ಒಂದೇ ಇದ್ದ ಮಾತ್ರಕ್ಕೆ ಪ್ರಕಾರ ಹುಟ್ಟುವುದಿಲ್ಲ. ಕರ್ಣನ ಕಥೆಯನ್ನು ಗಮಕಿ ಹಾಡುತ್ತಾರೆ, ಭಾಗವತರು ಹಾಡುತ್ತಾರೆ, ಹರಿಕಥೆಯ ದಾಸರೂ ಹಾಡುತ್ತಾರೆ. ಕಥೆ ಒಂದು, ಕಲೆ ಮೂರು. ಲೆಡ್ ಜೆಪ್ಲಿನ್ 1970ರಲ್ಲಿ ಐಸ್‌ಲ್ಯಾಂಡಿಗೆ ಹೋಗಿಬಂದ ಬೆನ್ನಿಗೇ ‘ಇಮಿಗ್ರಂಟ್ ಸಾಂಗ್’ ಹಾಡಿತು. ಐರನ್ ಮೇಡನ್ 1982ರಲ್ಲಿ ‘ಇನ್ವೇಡರ್ಸ್’ ಎಂಬ ಹಾಡಿನಲ್ಲಿ ವೈಕಿಂಗರ ದಾಳಿಯನ್ನೇ ವರ್ಣಿಸಿತು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ಆ ಜನಸಾಗರದ ನಡುವೆ ನಾನೂ ಇದ್ದೆ. ಅಲ್ಲಿದ್ದ ಯಾರೂ ಅದನ್ನು ವೈಕಿಂಗ್ ಮೆಟಲ್ ಎಂದು ಕರೆದಿರಲಾರರು. ಮ್ಯಾನೋವಾರ್ 1983ರಲ್ಲಿ, ಮಡಿದ ವೀರರು ಸೇರುವ ಓಡಿನ್ ದೇವನ ಸಭೆಯಾದ ವಾಲ್ಹಾಲಾದ ಬಾಗಿಲುಗಳನ್ನು ಹಾಡಿತು. ಅದೂ ಹೆವಿ ಮೆಟಲ್ ಆಗಿಯೇ ಉಳಿಯಿತು. ಹಡಗು, ಕೊಡಲಿ, ಓಡಿನ್ ಎಂದ ಕೂಡಲೇ ಹೊಸ ಪ್ರಕಾರ ಎನ್ನುವುದಾದರೆ ಅದಕ್ಕೆ ನಾನೇ ಮೊದಲ ವಿರೋಧಿ.

ನನ್ನ ವಾದವೇ ಬೇರೆ. ಒಂದು ಹಂತದಲ್ಲಿ, ಒಬ್ಬ ಮನುಷ್ಯನ ಕೈಯಲ್ಲಿ, ಆ ವಸ್ತು ಸಂಗೀತದ ಕಟ್ಟನ್ನೇ ಬದಲಿಸಿತು. ಹಾಗೆ ಬದಲಾದ ಕಟ್ಟನ್ನು ಬೇರೆ ತಂಡಗಳು ಎತ್ತಿಕೊಂಡು ಮುಂದುವರಿಸಿದವು. ಇಷ್ಟಾದ ಮೇಲೆ ಅದನ್ನು ಪ್ರಕಾರವೆನ್ನದೆ ಬೇರೇನನ್ನಬೇಕು?

ಆ ಮನುಷ್ಯ ಸ್ಟಾಕ್‌ಹೋಮ್‌ನ ಕ್ವೋರ್ಥಾನ್. 1983ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ಬಾಥೊರಿ ತಂಡ ಕಟ್ಟಿದರು. 1984ರಿಂದ 1987ರವರೆಗಿನ ಮೂರು ಆಲ್ಬಂಗಳು ದ್ರುತಗತಿಯವು. ಕರ್ಕಶ ಕಿರುಚು, ಸೈತಾನನ ಮಾತು, ಕೊಳಕೆನ್ನಬಹುದಾದ ಧ್ವನಿಮುದ್ರಣ. ಅವು ಬ್ಲ್ಯಾಕ್ ಮೆಟಲ್‌ಗೆ ತಳಪಾಯ ಹಾಕಿದವು ಎಂದು ತಮ್ಮ ಕೋಶ ಬರೆದಿರುವುದು ಸರಿಯಾಗಿದೆ. ಆದರೆ ತಮ್ಮ ಕೋಶ ಅಲ್ಲಿಗೇ ನಿಲ್ಲುತ್ತದೆ. ಕ್ವೋರ್ಥಾನ್ ನಿಲ್ಲಲಿಲ್ಲ. ಸೈತಾನನೂ ಕ್ರೈಸ್ತ ಧರ್ಮದ ಕಲ್ಪನೆಯೇ, ಅವನನ್ನು ಹಾಡುತ್ತ ಕುಳಿತರೆ ಅದೇ ಮನೆಯೊಳಗೆ ಸುತ್ತಿದಂತೆ ಎಂದು ಅವರಿಗೆ ಮನವರಿಕೆಯಾಗಿ, ಸ್ವೀಡನ್ ಕ್ರೈಸ್ತವಾಗುವುದಕ್ಕೆ ಮುಂಚಿನ ಕಾಲದತ್ತ ಅವರು ಮುಖ ತಿರುಗಿಸಿದರು.

1988ರ ‘ಬ್ಲಡ್ ಫೈರ್ ಡೆತ್’ ಆಲ್ಬಂನ ಮುಖಪುಟದಲ್ಲಿ ನಾರ್ವೆಯ ಚಿತ್ರಕಾರ ಪೀಟರ್ ನಿಕೊಲಾಯ್ ಆರ್ಬೊ 1872ರಲ್ಲಿ ಬರೆದ, ದೇವಸೇನೆ ಆಕಾಶದಲ್ಲಿ ನುಗ್ಗಿ ಬರುವ ಚಿತ್ರವಿದೆ. ಒಳಗಿನ ಬಹುಪಾಲು ಹಾಡುಗಳು ಇನ್ನೂ ಹಳೆಯ ವೇಗದಲ್ಲೇ ಇವೆ. ಆದರೆ ಆರಂಭದಲ್ಲೂ ಕೊನೆಯಲ್ಲೂ ಎರಡು ದೀರ್ಘ ಹಾಡುಗಳಿವೆ. ಅಲ್ಲಿ ಕಾಲ ತಗ್ಗುತ್ತದೆ, ಬರಿಯ ತಂತಿಯ ಗಿಟಾರ್ ಬಾಗಿಲು ತೆರೆಯುತ್ತದೆ, ಹಿಂದಿನಿಂದ ಮೇಳದ ಕಂಠ ಏಳುತ್ತದೆ. ಎರಡು ವರ್ಷಗಳ ಬಳಿಕ, 1990ರ ‘ಹ್ಯಾಮರ್‌ಹಾರ್ಟ್’ನಲ್ಲಿ, ಆ ಎರಡು ಹಾಡುಗಳ ದಾರಿಯೇ ಇಡೀ ಆಲ್ಬಂನ ದಾರಿಯಾಗುತ್ತದೆ. ಮೊದಲ ಹಾಡು ‘ಷೋರ್ಸ್ ಇನ್ ಫ್ಲೇಮ್ಸ್’ ಸಮುದ್ರದ ಅಲೆಗಳ ಸದ್ದಿನಿಂದ ಶುರುವಾಗಿ ಹತ್ತು ನಿಮಿಷ ದಾಟುತ್ತದೆ. ಹಡಗಿನ ಹುಟ್ಟು ಹಾಕುವವರು ಒಟ್ಟಾಗಿ ಎಳೆದಂತೆ ಡ್ರಮ್ಸ್ ಬೀಳುತ್ತದೆ. ಕ್ವೋರ್ಥಾನ್ ಕಿರುಚುವುದನ್ನು ಬಿಟ್ಟು ತೆರೆದ ಗಂಟಲಿನಿಂದ ಹಾಡುತ್ತಾರೆ. ಅವರು ಪಳಗಿದ ಗಾಯಕರಲ್ಲ. ಶ್ರುತಿ ಅಲ್ಲಲ್ಲಿ ಜಾರುತ್ತದೆ. ಆದರೂ ಆ ದನಿಯಲ್ಲಿರುವ ಹಂಬಲಕ್ಕೆ ನಾನು ಇಂದಿಗೂ ಸೋಲುತ್ತೇನೆ. ತಮ್ಮ ದನಿಯನ್ನೇ ಪದರ ಪದರವಾಗಿ ಮುದ್ರಿಸಿ ಅವರು ಮೇಳ ಕಟ್ಟಿದರು. ಕೊನೆಯ ದೊಡ್ಡ ಹಾಡು ‘ಒನ್ ರೋಡ್ ಟು ಏಸಾ ಬೇ’, ಕುದುರೆಯೇರಿ ಬರುವ ಹೊಸ ಧರ್ಮದ ಪ್ರಚಾರಕನನ್ನೂ ಊರವರ ಕೈಯಿಂದಲೇ ಕಟ್ಟಿಸುವ ಚರ್ಚನ್ನೂ ಚಿತ್ರಿಸುತ್ತದೆ. ಮರುವರ್ಷ, 1991ರಲ್ಲಿ, ‘ಟ್ವೈಲೈಟ್ ಆಫ್ ದ ಗಾಡ್ಸ್’ ಬಂತು. ಅದರ ಕೊನೆಗೆ ಇಂಗ್ಲಿಷ್ ಸಂಯೋಜಕ ಹೋಲ್ಸ್ಟ್‌ನ, ಗುರುಗ್ರಹದ ಹೆಸರಿನ ಕೃತಿಯ ಧಾಟಿಗೆ ಕ್ವೋರ್ಥಾನ್ ಮಾತು ಕಟ್ಟಿ ಹಾಡಿದ್ದಾರೆ.

ಈ ಕೊನೆಯ ಎರಡು ಆಲ್ಬಂಗಳನ್ನು ಬ್ಲ್ಯಾಕ್ ಮೆಟಲ್ ಎನ್ನಲು ಬರುವುದಿಲ್ಲ: ವೇಗವಿಲ್ಲ, ಕಿರುಚಿಲ್ಲ, ಸೈತಾನನಿಲ್ಲ. ಜಾನಪದ ಮೆಟಲ್ ಎನ್ನಲೂ ಬರುವುದಿಲ್ಲ: ಪಿಟೀಲಿಲ್ಲ, ಕೊಳಲಿಲ್ಲ, ಹಳ್ಳಿಯ ಕುಣಿತದ ಧಾಟಿಯಿಲ್ಲ. ಹಾಗಾದರೆ ಅವು ಎಲ್ಲಿ ಕೂರಬೇಕು? ತಮ್ಮ ಕರಡಚ್ಚಿನಲ್ಲಿ ಅವು ಎಲ್ಲಿಯೂ ಕೂತಿಲ್ಲ. ನನ್ನ ದೂರಿನ ತಿರುಳು ಇದೇ.

ಕಾಲಕ್ರಮವನ್ನೂ ಗಮನಿಸಬೇಕು. ಜಾನಪದ ಮೆಟಲ್‌ಗೆ ಮೊದಲ ತಂಡವೆಂದು ತಮ್ಮ ಕೋಶವೇ ಇಂಗ್ಲೆಂಡಿನ ಸ್ಕೈಕ್ಲ್ಯಾಡ್ ಅನ್ನು ಹೆಸರಿಸಿದೆ, ಅದು ಸರಿಯೂ ಹೌದು. ಆ ತಂಡದ ಮೊದಲ ಆಲ್ಬಂ ಬಂದದ್ದು 1991ರಲ್ಲಿ. ‘ಹ್ಯಾಮರ್‌ಹಾರ್ಟ್’ ಅದಕ್ಕಿಂತ ಒಂದು ವರ್ಷ ಹಿರಿದು, ‘ಬ್ಲಡ್ ಫೈರ್ ಡೆತ್’ ಮೂರು ವರ್ಷ ಹಿರಿದು. ಮೊದಲೇ ಹುಟ್ಟಿದ್ದನ್ನು ಆಮೇಲೆ ಹುಟ್ಟಿದ್ದರ ಕವಲು ಎಂದು ಬರೆದರೆ ವಂಶವೃಕ್ಷವೇ ತಲೆಕೆಳಗಾಗುತ್ತದೆ.

ಹೆಸರು ವಸ್ತುವಿನಿಂದ ಬಂದಿದೆ ಎಂಬುದು ತಮ್ಮ ಅಳುಕಾಗಿದ್ದರೆ, ತಾವು ಒಪ್ಪಿಕೊಂಡಿರುವ ಉಳಿದ ಹೆಸರುಗಳು ಎಲ್ಲಿಂದ ಬಂದವು ನೋಡಿ. ‘ಬ್ಲ್ಯಾಕ್ ಮೆಟಲ್’ ಎಂಬುದು ವೆನಮ್ ತಂಡದ 1982ರ ಆಲ್ಬಂನ ಹೆಸರು. ಅಲ್ಲಿನ ಕಪ್ಪು ವಾಮಾಚಾರದ ಕಪ್ಪು. ‘ಡೆತ್ ಮೆಟಲ್’ ಎಂಬುದು ಪೊಸೆಸ್ಡ್ ತಂಡದ 1985ರ ಆಲ್ಬಂನ ಕೊನೆಯ ಹಾಡು. ‘ಡೂಮ್ ಮೆಟಲ್’ನ ಡೂಮ್ ಎಂದರೆ ಕೇಡು. ಇವೆಲ್ಲ ವಸ್ತುವಿನ, ಭಾವದ ಹೆಸರುಗಳೇ. ಹೆಸರು ಹಾಗಿದ್ದೂ ಅವುಗಳ ನಾದವನ್ನು ಕೇಳಿ ತಾವು ಪ್ರತ್ಯೇಕ ನಮೂದು ಕೊಟ್ಟಿದ್ದೀರಿ. ಅದೇ ಕಿವಿಯನ್ನು ಇಲ್ಲಿಯೂ ಬಳಸಿ ಎಂಬುದಷ್ಟೇ ನನ್ನ ಕೋರಿಕೆ.

ಗಮಕಕ್ಕೆ ತಮ್ಮ ಕೋಶದಲ್ಲಿ ನಾಲ್ಕು ಪುಟಗಳ ಸ್ವತಂತ್ರ ನಮೂದಿದೆ. ಅದನ್ನು ಓದಿ ಹಿಗ್ಗಿದೆ. ಗಮಕಿ ಬಳಸುವ ರಾಗಗಳು ಕಚೇರಿಯ ರಾಗಗಳೇ. ಆದರೆ ತಾಳದ ಕಟ್ಟು ಅಲ್ಲಿಲ್ಲ. ಷಟ್ಪದಿಯ ನಡಿಗೆ ಮತ್ತು ಪದದ ಅರ್ಥ ರಾಗವನ್ನು ನಡೆಸುತ್ತವೆ. ಕಾವ್ಯವು ಸಂಗೀತದ ಕಟ್ಟನ್ನು ಬದಲಿಸಿದ್ದರಿಂದಲೇ ಗಮಕ ಬೇರೆ ಕಲೆ ಎಂದು ಆ ನಮೂದಿನ ಲೇಖಕರು ಸೊಗಸಾಗಿ ವಾದಿಸಿದ್ದಾರೆ. ಅದೇ ಅಳತೆಗೋಲನ್ನು ಸ್ಕ್ಯಾಂಡಿನೇವಿಯಾಕ್ಕೂ ಹಿಡಿಯಿರಿ.

ಪರಂಪರೆ ಒಬ್ಬನಿಂದ ಆಗುವುದಿಲ್ಲ ಎಂದು ತಾವು ಕೇಳಬಹುದು, ಆ ಪ್ರಶ್ನೆ ನ್ಯಾಯವಾದದ್ದು. ನಾರ್ವೆಯ ಹಾಗೆಸುಂಡ್ ಎಂಬ ಕರಾವಳಿ ಊರಿನಲ್ಲಿ 1991ರಲ್ಲಿ ಇಬ್ಬರು ಹುಡುಗರು ಎನ್‌ಸ್ಲೇವ್ಡ್ ತಂಡ ಆರಂಭಿಸಿದರು. ಅವರಲ್ಲೊಬ್ಬರಾದ ಈವಾರ್ ಬ್ಯೋರ್ನ್‌ಸನ್‌ಗೆ ಆಗ ಹದಿಮೂರು ವರ್ಷ. 1994ರಲ್ಲಿ ಬಂದ ‘ವೈಕಿಂಗ್‌ಲಿಗ್ರ್ ವೆಲ್ಡಿ’ ಆಲ್ಬಂನಲ್ಲಿ ಇರುವುದು ಐದೇ ಹಾಡು, ಒಟ್ಟು ಐವತ್ತು ನಿಮಿಷ. ಸಾಹಿತ್ಯದ ಬಹುಪಾಲು ಐಸ್‌ಲ್ಯಾಂಡಿಕ್ ಭಾಷೆಯಲ್ಲಿ. ಇಲ್ಲಿ ಬ್ಲ್ಯಾಕ್ ಮೆಟಲ್‌ನ ವೇಗವೂ ಕಿರುಚೂ ಇವೆ, ನಾನು ಮರೆಮಾಚುವುದಿಲ್ಲ. ಆದರೆ ಹಾಡಿನ ಮೈ ಬಾಥೊರಿಯದು: ಉದ್ದನೆಯ, ಮತ್ತೆ ಮತ್ತೆ ಮರಳುವ ಧಾಟಿ, ಅದರ ಮೇಲೆ ನಿಧಾನವಾಗಿ ಹರಡಿಕೊಳ್ಳುವ ಕಥನ. ಅದೇ ಊರಿನ ಐನ್‌ಹೆರ್ಯರ್, ಬರ್ಗೆನ್‌ನ ಹೆಲ್‌ಹೈಮ್ ಇದೇ ಕಾಲದಲ್ಲಿ ಇದೇ ದಾರಿ ಹಿಡಿದವು.

ವಿಂಡೀರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನನ್ನ ಮಟ್ಟಿಗೆ ಇಡೀ ವಾದ ಆ ಒಂದು ತಂಡದಲ್ಲಿದೆ. ನಾರ್ವೆಯ ಸೊಗ್ನ್‌ಡಾಲ್ ಎಂಬ ಪುಟ್ಟ ಊರಿನ ಯುವಕನೊಬ್ಬ, ವಾಲ್ಫಾರ್ ಎಂಬ ಹೆಸರಿನಲ್ಲಿ, ತನ್ನ ಸೀಮೆಯ ಆಡುನುಡಿಯಲ್ಲಿ ಹಾಡು ಬರೆದ. ಹಾಡಿದ್ದು ಓಡಿನ್, ಥಾರ್ ದೇವರುಗಳಿಗಿಂತ ಹೆಚ್ಚಾಗಿ ತನ್ನೂರಿನ ಆರ್ನ್‌ಟೋರ್ ಎಂಬ ಹಳೆಯ ಮುಂದಾಳಿನ ಕಥೆಯನ್ನು, ರಾಜ ಸ್ವೆರ್ರೆಯ ವಿರುದ್ಧ ಜನ ಎದ್ದ ಕಥೆಯನ್ನು. 2001ರ ಅವರ ಆಲ್ಬಂನ ಹೆಸರೇ ‘1184’. ಆ ವರ್ಷ ಸೊಗ್ನ್ ಕಡಲಚಾಚಿನಲ್ಲಿ ಫಿಮ್ರೈಟೆಯ ಹಡಗು ಕಾಳಗ ನಡೆಯಿತು. ಇತಿಹಾಸಕಾರರು ವೈಕಿಂಗ್ ಯುಗವನ್ನು 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮೇಲೆ ನಡೆದ ದಾಳಿಯಿಂದ 1066ರವರೆಗೆ ಎಣಿಸುವುದು ವಾಡಿಕೆ. ಅಂದರೆ ಆ ಕಾಳಗ ವೈಕಿಂಗ್ ಯುಗ ಮುಗಿದು ನೂರು ವರ್ಷಗಳಾದ ಮೇಲಿನದು. ವಸ್ತುವೇ ಎಲ್ಲವೂ ಆಗಿದ್ದರೆ ವಿಂಡೀರ್ ಈ ಪ್ರಕಾರಕ್ಕೆ ಸೇರುವಂತೆಯೇ ಇರಲಿಲ್ಲ. ಕೇಳಿದ ಮರುಕ್ಷಣ ಸೇರಿಸಿಕೊಳ್ಳುವುದು ಕಿವಿ: ಬಿರುಗಾಳಿಯಂಥ ಗಿಟಾರುಗಳ ಮೇಲೆ ತೇಲುವ ಹಳೆಯ ಧಾಟಿ, ಏಕಾಏಕಿ ತೆರೆದುಕೊಳ್ಳುವ ಮೇಳದ ದನಿ. 2004ರ ಜನವರಿಯಲ್ಲಿ ವಾಲ್ಫಾರ್ ಮನೆಯವರ ಬೆಟ್ಟದ ಗುಡಿಸಲಿಗೆ ನಡೆದು ಹೋಗುತ್ತಿದ್ದಾಗ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ವಯಸ್ಸು ಇಪ್ಪತ್ತೈದು. ಅದೇ ವರ್ಷದ ಜೂನ್‌ನಲ್ಲಿ ಕ್ವೋರ್ಥಾನ್ ಕೂಡ ಮೂವತ್ತೆಂಟಕ್ಕೇ ಹೃದಯ ನಿಂತು ಹೋದರು. ಒಂದೇ ವರ್ಷದಲ್ಲಿ ಆದ ಈ ಎರಡು ಸಾವುಗಳ ಉಲ್ಲೇಖ ನನ್ನ ಮೂಲ ನಮೂದಿನಲ್ಲಿತ್ತು. ಕರಡಚ್ಚಿನಲ್ಲಿ ಇಬ್ಬರ ಹೆಸರನ್ನೂ ಹುಡುಕಿದೆ.

ಇನ್ನು ಅಮೋನ್ ಅಮಾರ್ತ್. ಸ್ಟಾಕ್‌ಹೋಮ್ ಬಳಿಯ ಟುಂಬಾದಲ್ಲಿ 1992ರಲ್ಲಿ ಹುಟ್ಟಿದ ಈ ತಂಡ ವೈಕಿಂಗರನ್ನೇ ಹಾಡುತ್ತದೆ, ವೇದಿಕೆಯ ಮೇಲೆ ಹಡಗನ್ನೇ ತಂದು ನಿಲ್ಲಿಸುತ್ತದೆ. ಆದರೂ ಅವರದು ಮಧುರ ಧಾಟಿಯ ಡೆತ್ ಮೆಟಲ್. ಗಾಯಕ ಯೋಹಾನ್ ಹೆಗ್ ಅವರೇ ವೈಕಿಂಗ್ ಮೆಟಲ್ ಎಂಬ ಹಣೆಪಟ್ಟಿಯನ್ನು ನಿರಾಕರಿಸುತ್ತ ಬಂದಿದ್ದಾರೆ. ಅನ್‌ಲೀಷ್ಡ್ ತಂಡದ ವಿಷಯವೂ ಹೀಗೆಯೇ. ವಸ್ತುವನ್ನು ನೋಡಿ ಪ್ರಕಾರ ಹೇಳಬಾರದು ಎಂದು ನನಗೆ ಬುದ್ಧಿ ಹೇಳಿದ ಮಂಡಳಿ, ವಸ್ತುವನ್ನು ಮಾತ್ರ ನೋಡಿ ಮಾದರಿಯನ್ನು ಆರಿಸಿದ್ದು ನನಗೆ ಅರ್ಥವಾಗಲಿಲ್ಲ.

ಗಡಿಗಳು ಮಸುಕಾಗಿವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಫಿನ್‌ಲ್ಯಾಂಡಿನ ಮೂನ್‌ಸಾರೋ, ಎನ್ಸಿಫೆರಮ್ ತಂಡಗಳನ್ನು ಜಾನಪದ ಮೆಟಲ್‌ನಲ್ಲಿ ಇಟ್ಟರೆ ನನ್ನ ತಕರಾರಿಲ್ಲ. ಫೆರೋ ದ್ವೀಪಗಳ ಟೀರ್ ತಂಡ ‘ಓರ್ಮುರಿನ್ ಲಾಂಗಿ’ ಎಂಬ 1830ರ ಲಾವಣಿಯನ್ನು ಮೆಟಲ್‌ಗೆ ಅಳವಡಿಸಿತು. ಅಲ್ಲಿನ ಜನ ವಾದ್ಯವೇ ಇಲ್ಲದೆ, ಕೈಕೈ ಹಿಡಿದು ಸರಪಳಿಯಾಗಿ, ಕಾಲಿನ ತಟ್ಟಿಗೆ ಹಾಡಿಕೊಂಡು ಬಂದ ಲಾವಣಿ ಅದು. ಅದು ಎರಡು ಮನೆಗಳ ನಡುವಿನ ಜಗಲಿಯಲ್ಲಿ ಕೂತ ತಂಡ. ಐಸ್‌ಲ್ಯಾಂಡಿನ ಸ್ಕೌಲ್‌ಮೋಲ್ಡ್ ತಂಡದವರು ಎಡ್ಡಾ ಎಂಬ ಪುರಾಣಪದ್ಯಗಳ ಹಳೆಯ ಛಂದಸ್ಸಿನಲ್ಲೇ ಸಾಹಿತ್ಯ ಕಟ್ಟುತ್ತಾರೆ. ನಮ್ಮಲ್ಲಿ ಎರಡನೆಯ ಅಕ್ಷರದ ಪ್ರಾಸ ಪಾದಗಳನ್ನು ಬಿಗಿದಂತೆ, ಅಲ್ಲಿ ಪದದ ಮೊದಲ ಧ್ವನಿಯ ಹೊಂದಿಕೆ ಸಾಲುಗಳನ್ನು ಬಿಗಿಯುತ್ತದೆ. ಗಿಟಾರಿನ ಹೊಡೆತ ಸರಿಯಾಗಿ ಆ ಧ್ವನಿಗಳ ಮೇಲೆಯೇ ಬೀಳುವುದನ್ನು ಕೇಳಿದಾಗ, ಪದ್ಯವು ಸಂಗೀತವನ್ನು ಆಳುವುದೆಂದರೇನು ಎಂಬುದು ನನಗೆ ಮತ್ತೊಮ್ಮೆ ತಿಳಿಯಿತು. 2013ರಲ್ಲಿ ಈ ತಂಡ ಐಸ್‌ಲ್ಯಾಂಡ್ ಸಿಂಫನಿ ಆರ್ಕೆಸ್ಟ್ರಾದೊಂದಿಗೆ ರೇಕ್ಯವಿಕ್‌ನ ಹಾರ್ಪಾ ಸಭಾಂಗಣದಲ್ಲಿ ನುಡಿಸಿತು. ಗಡಿ ಮಸುಕಾಗಿದೆ ಎಂದು ನಡುವಿನ ಊರನ್ನೇ ಅಳಿಸಲಾಗದು. ಬ್ಲ್ಯಾಕ್ ಮೆಟಲ್ ಮತ್ತು ಥ್ರ್ಯಾಷ್ ಮೆಟಲ್ ನಡುವಿನ ಗಡಿಯೂ 1985ರ ಸುಮಾರಿಗೆ ಅಷ್ಟೇ ಮಸುಕಾಗಿತ್ತು.

ಚರ್ಚುಗಳಿಗೆ ಬೆಂಕಿ ಹಚ್ಚಿದ ವಿಷಯವನ್ನು ಬಿಡುವಂತಿಲ್ಲ. 1992ರ ಜೂನ್‌ನಲ್ಲಿ ಬರ್ಗೆನ್ ಬಳಿಯ ಫಾಂಟಾಫ್ಟ್‌ನ ಮರದ ಚರ್ಚ್ ಸುಟ್ಟುಹೋಯಿತು, ಆಮೇಲೆ ಇನ್ನೂ ಹಲವು ಉರಿದವು. ಇಂಥ ಕೃತ್ಯಗಳಿಗೆ ಶಿಕ್ಷೆ ಪಡೆದವರು ನಾರ್ವೆಯ ಬ್ಲ್ಯಾಕ್ ಮೆಟಲ್ ವಲಯದವರು. ಅದನ್ನು ಆ ನಮೂದಿನಲ್ಲಿ ಬರೆಯಬೇಕು, ಬರೆದೂ ಇದ್ದೀರಿ. ವೈಕಿಂಗ್ ಚಿಹ್ನೆಗಳನ್ನು, ರೂನ್ ಎಂಬ ಅವರ ಹಳೆಯ ಲಿಪಿಯನ್ನು ಜನಾಂಗದ್ವೇಷಿಗಳು ನಾಜಿಗಳ ಕಾಲದಿಂದಲೂ ಕದ್ದು ಬಳಸಿದ್ದಾರೆ. ಅದೂ ಬರೆಯಬೇಕಾದ ಸತ್ಯ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಸತ್ಯವೂ ಇರಬೇಕು. ಟೀರ್ ತಂಡ ತನ್ನ ಮೇಲೆ ಅಂಥ ಅನುಮಾನ ಬಂದಾಗ 2011ರಲ್ಲಿ ‘ಷ್ಯಾಡೋ ಆಫ್ ದ ಸ್ವಸ್ತಿಕ’ ಎಂಬ ಹಾಡನ್ನೇ ಬರೆದು ನಾಜಿ ವಾರಸಿಕೆಯನ್ನು ಧಿಕ್ಕರಿಸಿತು. ನಾರ್ವೆ ತನ್ನ ಸಂವಿಧಾನದ ಇನ್ನೂರನೇ ವರ್ಷವನ್ನು ಆಚರಿಸಿದ 2014ರಲ್ಲಿ, ಆ ಸಂವಿಧಾನ ರೂಪುಗೊಂಡ ಐಡ್ಸ್‌ವೋಲ್‌ನಲ್ಲೇ, ಎನ್‌ಸ್ಲೇವ್ಡ್‌ನ ಬ್ಯೋರ್ನ್‌ಸನ್ ಮತ್ತು ವಾರ್ಡ್ರೂನಾ ತಂಡದ ಐನಾರ್ ಸೆಲ್ವಿಕ್ ಆ ಸಂದರ್ಭಕ್ಕಾಗಿ ರಚಿಸಿದ ‘ಸ್ಕುಗ್‌ಷೋ’ ಕೃತಿಯನ್ನು ನುಡಿಸಿದರು. ಹದಿಮೂರರ ವಯಸ್ಸಿನಲ್ಲಿ ತಂಡ ಕಟ್ಟಿದ ಹುಡುಗನನ್ನು ನಾಡು ಸಂವಿಧಾನದ ಹಬ್ಬಕ್ಕೆ ಕರೆದದ್ದು ಹೀಗೆ. ಈ ಸಂಗೀತಕ್ಕೆ ಸ್ವತಂತ್ರ ನಮೂದಿದ್ದರೆ ಯಾರು ಯಾವುದಕ್ಕೆ ಹೊಣೆ ಎಂಬುದನ್ನು ಬಿಡಿಸಿ ಬರೆಯಲು ಜಾಗವಿರುತ್ತದೆ. ಐದು ಸಾಲಿನಲ್ಲಿ ಎಲ್ಲರ ಮೇಲೂ ಒಂದೇ ಮಸಿ ಬೀಳುತ್ತದೆ.

ಚಿತ್ರದ ಬಗ್ಗೆ ಎರಡೇ ಮಾತು. ವೈಕಿಂಗರು ಕೊಂಬಿನ ಶಿರಸ್ತ್ರಾಣ ಧರಿಸಿದ್ದಕ್ಕೆ ಪುರಾವೆಯಿಲ್ಲ. ಆ ಕಲ್ಪನೆ ಹರಡಿದ್ದು 1876ರಲ್ಲಿ ಬೈರಾಯ್ಟ್‌ನಲ್ಲಿ ನಡೆದ ವಾಗ್ನರ್ ಅವರ ಸಂಗೀತ ನಾಟಕಕ್ಕೆ ಕಾರ್ಲ್ ಎಮಿಲ್ ಡೆಪ್ಲರ್ ರೂಪಿಸಿದ ವೇಷಭೂಷಣದಿಂದ. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬುನಲ್ಲಿ ಸಿಕ್ಕ ನಿಜವಾದ ಶಿರಸ್ತ್ರಾಣಕ್ಕೆ ಕೊಂಬಿಲ್ಲ.

ಆದ್ದರಿಂದ ಮಂಡಳಿಯನ್ನು ವಿನಂತಿಸುತ್ತೇನೆ. ‘ವೈಕಿಂಗ್ ಮೆಟಲ್’ ಎಂಬ ಸ್ವತಂತ್ರ ನಮೂದನ್ನು ಮರಳಿ ಸೇರಿಸಿ. ಮೂರು ಪುಟ ಹೆಚ್ಚಾಯಿತೆಂದರೆ ಒಂದೂವರೆ ಪುಟಕ್ಕೆ ನಾನೇ ಇಳಿಸಿ ಕೊಡುತ್ತೇನೆ. ವ್ಯಾಖ್ಯಾನವನ್ನು ನಾದದಿಂದ ಮತ್ತು ಪರಂಪರೆಯಿಂದ ಕೊಡಿ. 1988ರಿಂದ 1991ರವರೆಗಿನ ಬಾಥೊರಿಯಿಂದ ಆರಂಭಿಸಿ. ಅಮೋನ್ ಅಮಾರ್ತ್ ಅನ್ನು ಡೆತ್ ಮೆಟಲ್ ಪುಟಕ್ಕೆ ಕಳುಹಿಸಿ, ಅಡ್ಡ ಉಲ್ಲೇಖ ಮಾತ್ರ ಇಲ್ಲಿರಲಿ. ಈ ಹೆಸರನ್ನು ಒಪ್ಪದ ಕಲಾವಿದರೂ ಕೇಳುಗರೂ ಇದ್ದಾರೆ ಎಂಬ ಮಾತು ನಮೂದಿನೊಳಗೇ ಇರಲಿ. ಆ ಭಿನ್ನಮತವನ್ನು ಬರೆಯಲು ನನಗೆ ಹಿಂಜರಿಕೆಯಿಲ್ಲ. ಕೊಂಬಿನ ಚಿತ್ರದ ಜಾಗಕ್ಕೆ ಆರ್ಬೊ ಅವರ 1872ರ ಚಿತ್ರವನ್ನು ಹಾಕಿ. ಇವು ಯಾವುವೂ ಆಗದು ಎಂದಾದರೆ, ಏಕೆ ಆಗದು ಎಂಬ ಕಾರಣವನ್ನು ಲಿಖಿತವಾಗಿ ತಿಳಿಸಿ.

ಇನ್ನೊಂದು ಬೇಡಿಕೆ, ಎಲ್ಲಕ್ಕಿಂತ ಮುಖ್ಯವಾದದ್ದು. ಮಂಡಳಿಯ ಸದಸ್ಯರು ಕರಡಚ್ಚಿಗೆ ಅಂತಿಮ ಸಹಿ ಹಾಕುವ ಮೊದಲು ಒಂದು ಮಧ್ಯಾಹ್ನ ಎರಡು ಗಂಟೆ ಬಿಡುವು ಮಾಡಿಕೊಳ್ಳಿ. ಧ್ವನಿಮುದ್ರಿಕೆಗಳನ್ನೂ ಸ್ಪೀಕರುಗಳನ್ನೂ ನಾನೇ ತರುತ್ತೇನೆ. ಮೊದಲು 1987ರ ಬಾಥೊರಿಯ ಒಂದು ಹಾಡು, ಬೆನ್ನಿಗೇ ಸ್ಕೈಕ್ಲ್ಯಾಡ್‌ನ ಒಂದು ಹಾಡು, ಆಮೇಲೆ ದೀಪ ತಗ್ಗಿಸಿ ‘ಷೋರ್ಸ್ ಇನ್ ಫ್ಲೇಮ್ಸ್’. ಅಲೆಗಳ ಸದ್ದು ಮುಗಿದು ಮೊದಲ ಡ್ರಮ್ಸ್ ಬೀಳುವವರೆಗೆ ಯಾರೂ ಮಾತಾಡುವುದು ಬೇಡ. ಅದಾದ ಮೇಲೆ ಮಂಡಳಿಯ ತೀರ್ಮಾನ ಕೇಳಲು ನಾನು ಕಾದಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹೆವಿ ಮೆಟಲ್ ವಿಭಾಗದ ಲೇಖಕ
ಬೆಂಗಳೂರು